ಫೋನಿಗೆ ಫೋನ್ ತಾಗಿಸಿದರೆ ಫೋಟೋ ಹೋಗ್ತದೇನು? ಇಳಕಲ್ಲಿನ ಸೀರೆ ಅಂಗಡಿಗೆ ಎನ್‌ಎಫ್‌ಸಿ, ಕ್ವಿಕ್ ಶೇರ್, ಏರ್‌ಡ್ರಾಪ್ ಎಷ್ಟು ಉಪಯೋಗ

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಸೀರೆ ಬಿಚ್ಚಿ ಹಾಸಿದ ಕೂಡಲೇ ಈಗ ಕಿಸೆಯಿಂದ ಹೊರಗೆ ಬರುವುದು ಫೋನು. ದಡಿಯದೊಂದು ಫೋಟೋ, ಸೆರಗಿನದೊಂದು, ಒಡಲಿನದೊಂದು. ಸೋಲಾಪುರದಿಂದ ಬಂದ ಹೋಲ್‌ಸೇಲ್ ವ್ಯಾಪಾರಿ ಒಂದೇ ಮಧ್ಯಾಹ್ನದಲ್ಲಿ ಇನ್ನೂರು ಫೋಟೋ, ನಾಲ್ಕು ವಿಡಿಯೋ ಕೇಳುತ್ತಾನೆ. ಲಗ್ನದ ಬಸ್ತಾ ಕಟ್ಟಲು ಬಂದವರು "ಆ ಗೋಮಿ ದಡಿದು ಫೋಟೋ ನನಗ ಹಾಕ್ರಿ, ಮನ್ಯಾಗ ತೋರಸ್ತೀನಿ" ಎನ್ನುತ್ತಾರೆ. ಕೊಡುವವರು, ತೊಗೊಳ್ಳುವವರು ಇಬ್ಬರೂ ಮೂರು ಅಡಿ ಅಂತರದಲ್ಲಿ ಕೂತಿದ್ದರೂ ಫೋಟೋ ಮಾತ್ರ ವಾಟ್ಸ್‌ಆ್ಯಪ್ ಹಿಡಿದು ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ತಿರುಗಿ ಅದೇ ಗಾದಿಗೆ ಬರುತ್ತದೆ.

ಬರುವಾಗ ಕುಗ್ಗಿ ಬರುತ್ತದೆ. ಈಗಿನ ಸಾಮಾನ್ಯ ಫೋನಿನ 12 ಮೆಗಾಪಿಕ್ಸೆಲ್ ಫೋಟೋ ಅಂದರೆ 4000 ಅಡ್ಡ, 3000 ಉದ್ದ ಚುಕ್ಕಿಗಳು. ವಾಟ್ಸ್‌ಆ್ಯಪ್ ಅದನ್ನು ಮಾಮೂಲಿ ಗುಣಮಟ್ಟದಲ್ಲಿ ಕಳಿಸುವಾಗ ದೊಡ್ಡ ಬದಿಯನ್ನು ಸುಮಾರು 1600 ಚುಕ್ಕಿಗೆ ಇಳಿಸುತ್ತದೆ. ಆರು ಪಾಲಿನಲ್ಲಿ ಐದು ಪಾಲು ವಿವರ ಹೋಯಿತು. ಮುಖದ ಫೋಟೋಕ್ಕೆ ಇದರಿಂದ ಅಂಥ ನಷ್ಟವಿಲ್ಲ. ಇಳಕಲ್ ಸೀರೆಗೆ ಇದೆ. ಒಡಲಿನ ಸಣ್ಣ ಚೌಕಳಿ, ದಡಿಯ ಎಳೆ ಎಳೆ ಗೆರೆ, ಒಡಲಿನ ಹತ್ತಿಯ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಸಾಲು, ಇವೆಲ್ಲ ಒಂದಕ್ಕೊಂದು ಮೆತ್ತಿಕೊಂಡು ಕಲಸಿದಂತೆ ಕಾಣುತ್ತವೆ. ಕೈಮಗ್ಗದ ಸೀರೆಗೂ ಪವರ್‌ಲೂಮ್ ಸೀರೆಗೂ ಇರುವ ಫರಕು ಗೊತ್ತಾಗುವುದೇ ಆ ಕೊಂಡಿಯ ಸಾಲಿನಲ್ಲಿ. ಅದೇ ಅಳಿಸಿಹೋದ ಫೋಟೋ ನೋಡಿ ಊರಲ್ಲಿದ್ದ ಅಕ್ಕ "ಇಷ್ಟು ರೊಕ್ಕ ಯಾಕ?" ಎಂದು ಕೇಳಿದರೆ ತಪ್ಪು ಆಕೆಯದಲ್ಲ.

ಹಾಗಾದರೆ ಫೋನಿಗೆ ಫೋನ್ ತಾಗಿಸಿ, ನಡುವೆ ಯಾರೂ ಇಲ್ಲದೆ, ಅಸಲು ಫೋಟೋವನ್ನೇ ಕಳಿಸಬಹುದಲ್ಲ? ಎನ್‌ಎಫ್‌ಸಿ ಅಂತ, ಹತ್ತಿರ ಹಿಡಿದ ಕೂಡಲೇ ಎರಡು ಸಾಧನ ಮಾತಾಡುವ ತಂತ್ರ ಒಂದು ಇದೆಯಲ್ಲ? ಈ ಪ್ರಶ್ನೆ ಬಹಳ ಜನರದ್ದು. ಆಂಡ್ರಾಯ್ಡ್ ಬೀಮ್, ಕ್ವಿಕ್ ಶೇರ್, ಐಫೋನಿನ ಏರ್‌ಡ್ರಾಪ್, ಅಂಗಡಿಯ ಕಟ್ಟೆಗೆ ಅಂಟಿಸುವ ಎನ್‌ಎಫ್‌ಸಿ ಟ್ಯಾಗ್, ಇಷ್ಟನ್ನೂ ಸೀರೆ ಅಂಗಡಿಯ ಕೆಲಸಕ್ಕೆ ಹಚ್ಚಿ ತೂಗಿ ನೋಡಿದ ವಿಮರ್ಶೆ ಇದು.

ತಾಗಿಸುವುದು ಪರಿಚಯಕ್ಕೆ ಮಾತ್ರ

ಮೊದಲು ಒಂದು ಮಾತು ತಿಳಿದರೆ ಮುಂದಿನದೆಲ್ಲ ತಾನೇ ತಿಳಿಯುತ್ತದೆ. ಎನ್‌ಎಫ್‌ಸಿ ಎಂಬುದು ಲಗ್ನದಲ್ಲಿ ನೆಂಟಸ್ತನ ಹಚ್ಚಿಕೊಡುವ ಮಧ್ಯಸ್ಥ ಇದ್ದಂತೆ. ಎರಡು ಮನೆಯವರನ್ನು ಗೊತ್ತು ಮಾಡಿಸಿ ಬದಿಗೆ ಸರಿಯುತ್ತದೆ. ಸಾಮಾನು ಹೊರುವ ಗಾಡಿ ಬೇರೆ, ಅದು ಬ್ಲೂಟೂತ್ ಇಲ್ಲವೇ ವೈ-ಫೈ.

ಎನ್‌ಎಫ್‌ಸಿ ಕೆಲಸ ಮಾಡುವುದು 13.56 ಮೆಗಾಹರ್ಟ್ಸ್ ಕಂಪನಾಂಕದಲ್ಲಿ. ಫೋನಿನ ಬೆನ್ನಿನೊಳಗೆ ಒಂದು ತೆಳುವಾದ ತಂತಿ ಸುರುಳಿ ಇರುತ್ತದೆ. ಇನ್ನೊಂದು ಸುರುಳಿ ಸುಮಾರು 4 ಸೆಂಟಿಮೀಟರಿನೊಳಗೆ ಬಂದಾಗ ಎರಡರ ನಡುವೆ ಕಾಂತಕ್ಷೇತ್ರ ಕೂಡುತ್ತದೆ. ಮಾತುಕತೆಯ ವೇಗ ಸೆಕೆಂಡಿಗೆ 106, 212 ಇಲ್ಲವೇ 424 ಕಿಲೋಬಿಟ್. ಎಲ್ಲಕ್ಕಿಂತ ಜೋರಿನ 424ನ್ನೇ ಹಿಡಿದರೂ ಸೆಕೆಂಡಿಗೆ 53 ಕಿಲೋಬೈಟ್ ಆಯಿತು. 4 ಎಂಬಿಯ ಒಂದು ಫೋಟೋ ದಾಟಲು ಒಂದೂಕಾಲು ನಿಮಿಷ, ಅದೂ ಎರಡೂ ಫೋನನ್ನು ಕೂದಲೆಳೆಯಷ್ಟೂ ಅಲುಗಾಡಿಸದೆ ಹಿಡಿದಿದ್ದರೆ.

ಸೋಲಾಪುರದ ವ್ಯಾಪಾರಿಯ ಲೆಕ್ಕ ಹಾಕೋಣ. 200 ಫೋಟೋ ತಲಾ 4 ಎಂಬಿ ಅಂದರೆ 800 ಎಂಬಿ, ನಾಲ್ಕು ವಿಡಿಯೋ ತಲಾ 150 ಎಂಬಿ ಅಂದರೆ 600, ಒಟ್ಟು 1.4 ಜಿಬಿ. ಬರೀ ಎನ್‌ಎಫ್‌ಸಿಯಲ್ಲಿ ಕಳಿಸಿದರೆ ಏಳು ತಾಸಿಗೂ ಹೆಚ್ಚು. ಬ್ಲೂಟೂತಿನಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕರೆ ಒಂದೂವರೆ ತಾಸು. 2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ಸೆಕೆಂಡಿಗೆ 4 ಎಂಬಿ ಹೋದರೆ ಆರು ನಿಮಿಷ. ಎರಡೂ ಫೋನಿನಲ್ಲಿ 5 ಗಿಗಾಹರ್ಟ್ಸ್ ವೈ-ಫೈ ಇದ್ದು ಸೆಕೆಂಡಿಗೆ 20ರಿಂದ 40 ಎಂಬಿ ಸಿಕ್ಕರೆ ಒಂದು ನಿಮಿಷದ ಆಸುಪಾಸು. ಚಹಾ ತರಿಸಿ ಬಸಿಯಲ್ಲಿ ಆರಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಯಾವ ಗಾಡಿ ಸಾಮಾನು ಹೊರುತ್ತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆಂಡ್ರಾಯ್ಡ್ ಬೀಮ್: ಹುಡುಕಬೇಡಿ, ಅದು ಹೋಗಿದೆ

ಫೋನುಗಳ ಬೆನ್ನಿಗೆ ಬೆನ್ನು ತಾಗಿಸಿ ಕಳಿಸುವ ಸೌಕರ್ಯವನ್ನು ಗೂಗಲ್ ತಂದದ್ದು 2011ರಲ್ಲಿ, ಆಂಡ್ರಾಯ್ಡ್ 4.0ರ ಜೊತೆ. ಹೆಸರು ಆಂಡ್ರಾಯ್ಡ್ ಬೀಮ್. ಆಗ ವೆಬ್ ಪುಟದ ಲಿಂಕ್, ಕಾಂಟ್ಯಾಕ್ಟ್‌ನಂಥ ಸಣ್ಣ ಸಂಗತಿಗಳು ಮಾತ್ರ ಹೋಗುತ್ತಿದ್ದವು. ಮರುವರ್ಷ 4.1ರಲ್ಲಿ ಫೋಟೋ, ವಿಡಿಯೋ ಕಳಿಸುವುದೂ ಬಂತು. ಪರಿಚಯ ಎನ್‌ಎಫ್‌ಸಿಯದು, ಹೊರುವುದು ಬ್ಲೂಟೂತು. ಸ್ಯಾಮ್‌ಸಂಗ್ ಅದೇ 2012ರಲ್ಲಿ ಗ್ಯಾಲಕ್ಸಿ ಎಸ್ 3ರಲ್ಲಿ ಎಸ್ ಬೀಮ್ ಅಂತ ಕೊಟ್ಟಿತು. ಅದರಲ್ಲಿ ಗಾಡಿ ವೈ-ಫೈ ಡೈರೆಕ್ಟ್ (ರೂಟರ್ ಇಲ್ಲದೆ ಫೋನಿನಿಂದ ಫೋನಿಗೆ ನೇರ ವೈ-ಫೈ), ಹಾಗಾಗಿ ವೇಗ ಚಲೋ ಇತ್ತು. ಆದರೆ ಆ ಕಡೆಯದೂ ಸ್ಯಾಮ್‌ಸಂಗೇ ಆಗಿರಬೇಕಿತ್ತು.

ಬೀಮ್ ಜನರ ಕೈಗೆ ಒಗ್ಗಲಿಲ್ಲ, ಕಾರಣ ಸ್ಪಷ್ಟ. ಸುರುಳಿ ಎಲ್ಲಿದೆ ಎಂಬುದು ಹೊರಗೆ ಕಾಣುವುದಿಲ್ಲ. ಒಂದು ಫೋನಿನಲ್ಲಿ ಕ್ಯಾಮೆರಾದ ಪಕ್ಕ, ಇನ್ನೊಂದರಲ್ಲಿ ಬೆನ್ನಿನ ನಡುವೆ. ಎರಡನ್ನೂ ಹೊಂದಿಸಿ ಹಿಡಿಯಬೇಕು, ಗುರ್ ಅಂತ ನಡುಗಿದಾಗ ಪರದೆ ಒತ್ತಬೇಕು, ಒತ್ತುವಾಗ ಕೈ ಅಲುಗಿದರೆ ಮತ್ತೆ ಮೊದಲಿನಿಂದ. ಇಷ್ಟೆಲ್ಲ ಮಾಡಿದ ಮೇಲೂ ಸಿಗುತ್ತಿದ್ದದ್ದು ಬ್ಲೂಟೂತಿನ ವೇಗ. 2019ರಲ್ಲಿ ಆಂಡ್ರಾಯ್ಡ್ 10 ಬಂದಾಗ ಗೂಗಲ್ ಇದನ್ನು ಕೈಬಿಟ್ಟಿತು.

ಯೂಟ್ಯೂಬಿನ ಹಳೆಯ ವಿಡಿಯೋ ನೋಡಿ "ಸೆಟ್ಟಿಂಗ್ಸ್‌ನಾಗ ಬೀಮ್ ಸಿಗವಲ್ದು" ಎಂದು ತಡಕಾಡುವವರು ಈಗಲೂ ಇದ್ದಾರೆ. ನಿಮ್ಮ ಫೋನು ಕೆಟ್ಟಿಲ್ಲ. ಎನ್‌ಎಫ್‌ಸಿ ಗುಂಡಿ ಇದ್ದರೂ ಅದು ಈಗ ಇರುವುದು ರೊಕ್ಕ ಕೊಡಲಿಕ್ಕೆ, ಟ್ಯಾಗ್ ಓದಲಿಕ್ಕೆ, ಇಯರ್‌ಫೋನು ಸ್ಪೀಕರುಗಳನ್ನು ಜೋಡಿಸಲಿಕ್ಕೆ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹಳೆಯ ಎರಡು ಫೋನು ಮನೆಯಲ್ಲಿದ್ದು, ಎರಡರಲ್ಲೂ ಎನ್‌ಎಫ್‌ಸಿ ಇದ್ದರೆ ಬೀಮ್ ಅವುಗಳ ನಡುವೆ ನಡೆದೀತು. ಅಂಗಡಿಗೆ ಅದನ್ನು ನಂಬಿ ಕೂಡಬೇಡಿ.

ಕ್ವಿಕ್ ಶೇರ್: ಅಂಗಡಿಗೆ ಇದೇ ಸರಿ

ಬೀಮ್‌ನ ಜಾಗಕ್ಕೆ 2020ರ ಆಗಸ್ಟಿನಲ್ಲಿ ನಿಯರ್‌ಬೈ ಶೇರ್ ಬಂತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗಿನ ಕ್ವಿಕ್ ಶೇರ್ ಜೊತೆ ಕೂಡಿ ಹೆಸರೂ ಕ್ವಿಕ್ ಶೇರ್ ಆಯಿತು. ಆಂಡ್ರಾಯ್ಡ್ 6 ಮತ್ತು ಮುಂದಿನ ಬಹುತೇಕ ಎಲ್ಲ ಫೋನಿನಲ್ಲಿ ಇದೆ, ಬೇರೆ ಆ್ಯಪ್ ಹಾಕುವುದು ಬೇಡ. ತಾಗಿಸುವುದೂ ಬೇಡ. ಪರಿಚಯದ ಕೆಲಸವನ್ನು ಇಲ್ಲಿ ಬ್ಲೂಟೂತ್ ಮಾಡುತ್ತದೆ, ಹೊರುವ ಕೆಲಸ ವೈ-ಫೈ ಮಾಡುತ್ತದೆ. ಇಂಟರ್‌ನೆಟ್ ಡೇಟಾ ಖರ್ಚಾಗುವುದಿಲ್ಲ, ಫೋಟೋ ಒಂದು ಚುಕ್ಕಿಯೂ ಕುಗ್ಗುವುದಿಲ್ಲ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ಮೇಲಿನ 1.4 ಜಿಬಿಯನ್ನು ಇಂಟರ್‌ನೆಟ್ ಮೂಲಕ ಕಳಿಸುವುದೆಂದರೆ ಇಡೀ ದಿನದ ಡೇಟಾ. ತೊಗೊಳ್ಳುವವನದೂ ಅಷ್ಟೇ ಹೋಗುತ್ತದೆ. ಇಲ್ಲಿ ಇಬ್ಬರದೂ ಉಳಿಯಿತು.

ಮಾಡುವ ಬಗೆ ಹೀಗೆ. ತೊಗೊಳ್ಳುವವರ ಫೋನಿನಲ್ಲಿ ಮೇಲಿಂದ ಪರದೆ ಎಳೆದು ಬ್ಲೂಟೂತ್, ವೈ-ಫೈ, ಲೊಕೇಶನ್ ಮೂರನ್ನೂ ಚಾಲೂ ಮಾಡಿ. ವೈ-ಫೈಗೆ ಯಾವ ರೂಟರೂ ಸಿಗದಿದ್ದರೂ ಪರವಾಗಿಲ್ಲ, ಗುಂಡಿ ಚಾಲೂ ಇರಬೇಕು ಅಷ್ಟೇ. ಅಲ್ಲೇ ಕ್ವಿಕ್ ಶೇರ್ ಗುಂಡಿ ಒತ್ತಿ, ಯಾರಿಗೆ ಕಾಣಬೇಕು ಎಂದು ಕೇಳಿದಾಗ ಎವ್ರಿವನ್ ಆರಿಸಿ. ಗುಂಡಿ ಅಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಚೌಕದಲ್ಲಿ ಕ್ವಿಕ್ ಶೇರ್ ಅಂತ ಬರೆದರೆ ಸಿಗುತ್ತದೆ. ಎವ್ರಿವನ್ ಆರಿಸಿದ್ದು 10 ನಿಮಿಷ ಇದ್ದು ತಾನೇ ಆರುವಂತೆ ಇಡಿ. ಕಳಿಸುವವರು ಗ್ಯಾಲರಿಯಲ್ಲಿ ಫೋಟೋಗಳನ್ನು ಆರಿಸಿ ಶೇರ್ ಗುಂಡಿ, ಅದರೊಳಗೆ ಕ್ವಿಕ್ ಶೇರ್ ಒತ್ತಬೇಕು. ಕೆಲ ಸೆಕೆಂಡಿನಲ್ಲಿ ಎದುರಿನ ಫೋನಿನ ಹೆಸರು ಬರುತ್ತದೆ. ಒತ್ತಿ. ಆ ಕಡೆ ಅಕ್ಸೆಪ್ಟ್ ಕೇಳುತ್ತದೆ, ಎರಡೂ ಪರದೆಯ ಮೇಲೆ ಪಿನ್ ಅಂಕಿ ತೋರಿಸಿದರೆ ಒಂದೇ ಇದೆಯೇ ನೋಡಿ ಒಪ್ಪಿಕೊಳ್ಳಿ. ಬಂದ ಫೈಲು ಹುಡುಕಬೇಕಾದದ್ದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. "ಬಂದಿಲ್ಲಲ್ರೀ" ಎಂದು ಗ್ಯಾಲರಿಯ ಕ್ಯಾಮೆರಾ ಆಲ್ಬಮ್ ತಿರುವಿ ಹಾಕುವವರಿಗೆ ಇದನ್ನು ಹೇಳಿಬಿಡಿ.

ಇನ್ನು ಕೈಕೊಡುವುದು ಎಲ್ಲಿ. ಇದನ್ನು ವಿವರವಾಗಿಯೇ ಹೇಳಬೇಕು, ಯಾಕೆಂದರೆ ಒಂದು ಸಲ ಆಗಲಿಲ್ಲ ಎಂದರೆ ಜನ ಮತ್ತೆ ವಾಟ್ಸ್‌ಆ್ಯಪಿಗೇ ಹೋಗುತ್ತಾರೆ.

ಎದುರಿನ ಫೋನು ಕಾಣುವುದೇ ಇಲ್ಲ ಎಂಬುದು ಮೊದಲನೇ ದೂರು. ಹತ್ತರಲ್ಲಿ ಎಂಟು ಸಲ ಲೊಕೇಶನ್ ಬಂದ್ ಇರುತ್ತದೆ, ಇಲ್ಲವೇ ತೊಗೊಳ್ಳುವವರ ಪರದೆ ಆರಿರುತ್ತದೆ. ಫೋಟೋ ಕಳಿಸಲು ಲೊಕೇಶನ್ ಯಾಕೆ ಬೇಕು ಎಂಬ ಅನುಮಾನ ಸಹಜ. ಸುತ್ತಲಿನ ಬ್ಲೂಟೂತ್, ವೈ-ಫೈ ಸಾಧನಗಳ ಪಟ್ಟಿ ನೋಡಿದರೆ ನೀವು ಎಲ್ಲಿದ್ದೀರಿ ಎಂದು ಊಹಿಸಲು ಬರುತ್ತದೆ. ಅದಕ್ಕೇ ಆಂಡ್ರಾಯ್ಡ್ ಹಾಗೆ ಹುಡುಕುವುದನ್ನು ಲೊಕೇಶನ್ ಅನುಮತಿಗೆ ಕಟ್ಟಿಹಾಕಿದೆ. ಕೆಲಸ ಮುಗಿದ ಮೇಲೆ ಬಂದ್ ಮಾಡಿಕೊಳ್ಳಿ.

ಎರಡನೆಯದು, ಕಾಣುತ್ತದೆ, ಒಪ್ಪಿಕೊಳ್ಳುತ್ತದೆ, ಆದರೆ ಆಮೆಯಂತೆ ಹೋಗುತ್ತದೆ. ಹಾಗಾದರೆ ಗಾಡಿ ಬ್ಲೂಟೂತಿನದೇ ಉಳಿದಿದೆ ಎಂದು ತಿಳಿಯಿರಿ. ಇಬ್ಬರಲ್ಲಿ ಒಬ್ಬರ ವೈ-ಫೈ ಬಂದ್ ಇದ್ದರೆ ಹೀಗಾಗುತ್ತದೆ. ಹಾಟ್‌ಸ್ಪಾಟ್ ಚಾಲೂ ಇದ್ದರೂ ಹೀಗಾಗುತ್ತದೆ. ಅಂಗಡಿಯ ಹುಡುಗನ ಫೋನಿನಿಂದ ಬಿಲ್ಲಿಂಗ್ ಕಂಪ್ಯೂಟರಿಗೆ ಹಾಟ್‌ಸ್ಪಾಟ್ ಕೊಟ್ಟಿರುತ್ತಾರೆ, ಅದು ಯಾರ ನೆನಪಿನಲ್ಲೂ ಇರುವುದಿಲ್ಲ. ಹಾಟ್‌ಸ್ಪಾಟಿನಲ್ಲಿ ತೊಡಗಿದ ವೈ-ಫೈ ರೇಡಿಯೋ ಬಹಳ ಫೋನಿನಲ್ಲಿ ಇನ್ನೊಂದು ನೇರ ಸಂಪರ್ಕ ಕಟ್ಟಲಾರದು. ಕಡಿಮೆ ಬೆಲೆಯ ಕೆಲವು ಫೋನಿನಲ್ಲಿ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಇರುತ್ತದೆ. ಅಂಥದ್ದಕ್ಕೆ ಆರು ನಿಮಿಷದ ಲೆಕ್ಕವೇ ಗತಿ. ಬ್ಯಾಟರಿ ಸೇವರ್, ವಿಪಿಎನ್ ಆ್ಯಪ್ ಇದ್ದರೆ ಅವನ್ನೂ ಬಂದ್ ಮಾಡಿ ನೋಡಿ.

ಮೂರನೆಯದು ಸಂತೆ ದಿನದ ಸಮಸ್ಯೆ. ಗದ್ದಲದ ಅಂಗಡಿಯಲ್ಲಿ ಒಂದೇ ಕಂಪನಿಯ ನಾಲ್ಕು ಫೋನು ಒಂದೇ ಹೆಸರಿನಲ್ಲಿ ಸಾಲಾಗಿ ಕಾಣುತ್ತವೆ, ಯಾವುದು ಯಾರದು ತಿಳಿಯುವುದಿಲ್ಲ. ಅಂಗಡಿಯ ಫೋನಿಗೆ ಅಂಗಡಿಯ ಹೆಸರನ್ನೇ ಇಟ್ಟುಬಿಡಿ. ಕ್ವಿಕ್ ಶೇರ್ ಸೆಟ್ಟಿಂಗ್ಸ್‌ನಲ್ಲೇ ಹೆಸರು ಬದಲಿಸಲು ಬರುತ್ತದೆ. ಗಿರಾಕಿಯ ಫೋನಿನ ಹೆಸರು ಗೊಂದಲವಾದರೆ ಈಗಿನ ಆವೃತ್ತಿಗಳಲ್ಲಿ ಕ್ಯುಆರ್ ತೋರಿಸುವ ಆಯ್ಕೆಯೂ ಇದೆ. ಕಳಿಸುವ ಪರದೆಯಲ್ಲಿ ಕ್ಯುಆರ್ ಒತ್ತಿ, ಅವರು ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿದರೆ ನೇರ ಅವರ ಫೋನಿಗೇ ಹೋಗುತ್ತದೆ. ಫೋನ್‌ಪೇ ಸ್ಕ್ಯಾನ್ ಮಾಡಿ ರೂಢಿಯಾದ ಕೈಗೆ ಇದನ್ನು ಕಲಿಸುವುದೇ ಬೇಕಿಲ್ಲ. ಬೀಮ್ ಬಯಸಿದ "ತಾಗಿಸಿದೆ, ಹೋಯಿತು" ಎಂಬ ಸುಲಭ ಈ ಕ್ಯುಆರ್‌ನಲ್ಲಿ ಸಿಕ್ಕಿದೆ.

ಕಂಪ್ಯೂಟರಿಗೂ ಇದು ಸಿಗುತ್ತದೆ. ವಿಂಡೋಸ್‌ಗೆ ಗೂಗಲ್ ಕೊಡುವ ಕ್ವಿಕ್ ಶೇರ್ ಹಾಕಿಕೊಂಡರೆ ಫೋನಿನಲ್ಲಿ ತೆಗೆದ ಫೋಟೋ ವೈರ್ ಇಲ್ಲದೆ ಬಿಲ್ಲಿಂಗ್ ಕಂಪ್ಯೂಟರಿಗೆ ಬರುತ್ತದೆ. 2024ರಲ್ಲಿ ಸೇಫ್‌ಬ್ರೀಚ್ ಸಂಸ್ಥೆಯ ಸಂಶೋಧಕರು ಈ ವಿಂಡೋಸ್ ಆವೃತ್ತಿಯ ಭದ್ರತಾ ದೋಷಗಳನ್ನು ತೋರಿಸಿಕೊಟ್ಟರು, ಗೂಗಲ್ ಸರಿಪಡಿಸಿತು. ಹಾಗಾಗಿ ಯಾವಾಗಲೋ ಹಾಕಿದ ಹಳೆಯ ಆವೃತ್ತಿಯನ್ನು ಹಾಗೇ ಬಿಡದೆ ಅಪ್‌ಡೇಟ್ ಮಾಡಿ.

ಶೇರ್‌ಇಟ್, ಕ್ಸೆಂಡರ್ ಎಂಬ ಫೈಲು ಕಳಿಸುವ ಆ್ಯಪ್‌ಗಳ ಬಗ್ಗೆಯೂ ಒಂದು ಮಾತು. ಭಾರತ ಸರಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಇವೆರಡೂ ಇವೆ. ಎಲ್ಲಿಂದಲೋ ಎಪಿಕೆ (ಆ್ಯಪ್ ಹಾಕುವ ಫೈಲು) ಇಳಿಸಿಕೊಂಡು ಈಗಲೂ ಬಳಸುವವರಿದ್ದಾರೆ. ಫೋನಿನಲ್ಲೇ ಅಷ್ಟೇ ವೇಗದ ಸೌಕರ್ಯ ಇರುವಾಗ ಆ ಅಪಾಯ ಯಾಕೆ ಬೇಕು?

ಐಫೋನ್ ಇದ್ದವರಿಗೆ

ತಾಗಿಸಿ ಕಳಿಸುವುದು ನಿಜಕ್ಕೂ ಚೆಂದಾಗಿ ಕೂತಿರುವುದು ಐಫೋನಿನಲ್ಲಿ. 2023ರ ಐಒಎಸ್ 17ರಿಂದ ಎರಡು ಐಫೋನುಗಳ ತಲೆಯ ಭಾಗವನ್ನು ಹತ್ತಿರ ತಂದರೆ ಸಾಕು. ಫೋಟೋ ತೆರೆದಿಟ್ಟುಕೊಂಡು ಹತ್ತಿರ ಹಿಡಿದಾಗ ಮೇಲಿನ ಅಂಚಿನಿಂದ ಬೆಳಕು ಹರಿದಂತೆ ಕಾಣುತ್ತದೆ, ಶೇರ್ ಗುಂಡಿ ಮೂಡುತ್ತದೆ, ಒತ್ತಿದರೆ ಏರ್‌ಡ್ರಾಪ್ ಶುರು. ಫೋಟೋ ತೆರೆಯದೆ ಹಿಡಿದರೆ ಫೋನ್ ನಂಬರ್ ಹಂಚಿಕೊಳ್ಳುವ ನೇಮ್‌ಡ್ರಾಪ್ ಬರುತ್ತದೆ. ಆಗದಿದ್ದರೆ ಸೆಟ್ಟಿಂಗ್ಸ್, ಜನರಲ್, ಏರ್‌ಡ್ರಾಪ್ ಒಳಗೆ ಬ್ರಿಂಗಿಂಗ್ ಡಿವೈಸಸ್ ಟುಗೆದರ್ ಚಾಲೂ ಇದೆಯೇ ನೋಡಿ. ಐಒಎಸ್ 17.1ರಿಂದ ಇನ್ನೊಂದು ಅನುಕೂಲವಾಗಿದೆ: ದೊಡ್ಡ ವಿಡಿಯೋ ಅರ್ಧ ಹೋಗಿರುವಾಗ ಗಿರಾಕಿ ಎದ್ದು ಹೋದರೂ ಉಳಿದದ್ದು ಇಂಟರ್‌ನೆಟ್ ಮೂಲಕ ಮುಂದುವರಿಯಬಲ್ಲದು. ಡೇಟಾ ಆಗ ಖರ್ಚಾಗುತ್ತದೆ, ನೆನಪಿರಲಿ.

ತೊಡಕು ಒಂದು ಐಫೋನು, ಒಂದು ಆಂಡ್ರಾಯ್ಡ್ ಇದ್ದಾಗ. 2025ರ ನವೆಂಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಸಾಲಿನಿಂದ ಶುರುಮಾಡಿ ಕ್ವಿಕ್ ಶೇರ್ ನೇರ ಏರ್‌ಡ್ರಾಪಿಗೆ ಮಾತಾಡುವಂತೆ ಮಾಡಿದೆ. ಐಫೋನಿನವರು ಏರ್‌ಡ್ರಾಪನ್ನು 10 ನಿಮಿಷದ ಎವ್ರಿವನ್‌ಗೆ ಇಡಬೇಕು. ಆದರೆ ಇಳಕಲ್ಲಿನ ಗಾದಿಯ ಮೇಲೆ ಕಾಣುವುದು ಪಿಕ್ಸೆಲ್ ಅಲ್ಲ. ಅಂಗಡಿಗೆ ನಾವು ಹೇಳುವುದು ಲೋಕಲ್‌ಸೆಂಡ್ ಎಂಬ ಆ್ಯಪ್. ಪುಕ್ಕಟೆ, ಜಾಹೀರಾತಿಲ್ಲ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಐಫೋನು, ಆಂಡ್ರಾಯ್ಡ್, ವಿಂಡೋಸ್ ಮೂರರಲ್ಲೂ ನಡೆಯುತ್ತದೆ. ಎರಡೂ ಸಾಧನ ಒಂದೇ ವೈ-ಫೈಯಲ್ಲಿರಬೇಕು ಎಂಬುದೊಂದೇ ಕಟ್ಟಳೆ. ರೂಟರ್ ಇಲ್ಲದಿದ್ದರೆ ಒಂದು ಫೋನಿನ ಹಾಟ್‌ಸ್ಪಾಟಿಗೆ ಇನ್ನೊಂದನ್ನು ಜೋಡಿಸಿ, ಇಂಟರ್‌ನೆಟ್ ಬೇಕಿಲ್ಲ. ಐಫೋನು ಮೊದಲ ಸಲ ಲೋಕಲ್ ನೆಟ್‌ವರ್ಕ್ ಅನುಮತಿ ಕೇಳುತ್ತದೆ. ಗಡಿಬಿಡಿಯಲ್ಲಿ ಬೇಡ ಒತ್ತಿದವರಿಗೆ ಆ ಕಡೆಯ ಫೋನು ಎಂದಿಗೂ ಕಾಣುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ಕೊಡಬೇಕು.

ಆ್ಯಪ್ ಹಾಕಲು ಗಿರಾಕಿ ಒಪ್ಪದಿದ್ದರೆ ವಾಟ್ಸ್‌ಆ್ಯಪ್‌ನಲ್ಲೇ ಫೋಟೋವನ್ನು ಡಾಕ್ಯುಮೆಂಟ್ ಅಂತ ಕಳಿಸಿ. 2 ಜಿಬಿವರೆಗಿನ ಫೈಲು ಕುಗ್ಗದೆ ಹೋಗುತ್ತದೆ, ಡೇಟಾ ಮಾತ್ರ ಖರ್ಚು. ಐಫೋನಿನಿಂದ ಬಂದ ಫೋಟೋ ಹಳೆಯ ಆಂಡ್ರಾಯ್ಡಿನಲ್ಲಿ, ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಅದು ಎಚ್‌ಇಐಸಿ ಮಾದರಿಯದು. ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಮುಂದಿನ ಫೋಟೋಗಳು ಜೆಪೆಗ್ ಆಗಿ ಬರುತ್ತವೆ.

ಎನ್‌ಎಫ್‌ಸಿ ಟ್ಯಾಗ್: ಸಣ್ಣದು, ಆದರೆ ಕೆಲಸದ್ದು

ಫೈಲು ಹೊರಲು ಬಾರದ ಎನ್‌ಎಫ್‌ಸಿಗೆ ಅಂಗಡಿಯಲ್ಲಿ ತನ್ನದೇ ಜಾಗವಿದೆ. ರೂಪಾಯಿ ನಾಣ್ಯದಷ್ಟು ಅಗಲದ ಸ್ಟಿಕರು ಅದು. ಬೆಳಕಿಗೆ ಹಿಡಿದರೆ ಒಳಗೆ ಸುತ್ತು ಸುತ್ತಾಗಿ ಹೊಂದಿಸಿದ ತೆಳುವಾದ ಲೋಹದ ಗೆರೆಯೂ, ಸಾಸಿವೆಗಿಂತ ಸಣ್ಣ ಚಿಪ್ಪೂ ಕಾಣುತ್ತವೆ. ಬ್ಯಾಟರಿ ಇಲ್ಲ. ಹತ್ತಿರ ಬಂದ ಫೋನಿನ ಕಾಂತಕ್ಷೇತ್ರದಿಂದಲೇ ಕರೆಂಟು ಪಡೆದು ತನ್ನಲ್ಲಿರುವ ಒಂದು ಸಾಲನ್ನು ಹೇಳಿ ಸುಮ್ಮನಾಗುತ್ತದೆ.

ಹೆಚ್ಚಾಗಿ ಸಿಗುವವು ಮೂರು ಬಗೆ. ಎನ್‌ಟ್ಯಾಗ್ 213ರಲ್ಲಿ 144 ಬೈಟ್ ಜಾಗ, 215ರಲ್ಲಿ 504, 216ರಲ್ಲಿ 888. 4 ಎಂಬಿಯ ಒಂದು ಸೀರೆಯ ಫೋಟೋವನ್ನು 213ರಲ್ಲಿ ತುಂಬಬೇಕೆಂದರೆ ಸುಮಾರು 28 ಸಾವಿರ ಟ್ಯಾಗ್ ಬೇಕು! ಅದಕ್ಕೆ ಫೋಟೋದ ಬದಲು ಫೋಟೋ ಇರುವ ಜಾಗದ ಲಿಂಕ್ ಬರೆಯುತ್ತಾರೆ. ಗೂಗಲ್ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ, ಸೀರೆಗಳ ಒಳ್ಳೆಯ ಫೋಟೋ ಹಾಕಿ, ಲಿಂಕ್ ಇದ್ದವರೆಲ್ಲ ನೋಡಬಹುದು, ಬದಲಿಸಲು ಬರಬಾರದು ಎಂದು ಇಡಿ. ಅಂಥ ಲಿಂಕ್ 80–90 ಅಕ್ಷರದಷ್ಟು ಉದ್ದ ಇರುತ್ತದೆ, ಅಗ್ಗದ 213ರಲ್ಲೇ ಹಿಡಿಯುತ್ತದೆ. ದೊಡ್ಡ ಟ್ಯಾಗಿಗೆ ರೊಕ್ಕ ಹಾಕುವುದು ಬೇಡ.

ಬರೆಯಲು ಎನ್‌ಎಫ್‌ಸಿ ಟೂಲ್ಸ್ ಎಂಬ ಆ್ಯಪ್ ಸಾಕು. ರೈಟ್ ಒತ್ತಿ, ಆ್ಯಡ್ ಎ ರೆಕಾರ್ಡ್‌ನಲ್ಲಿ ಯುಆರ್‌ಎಲ್ ಆರಿಸಿ, ಲಿಂಕ್ ಅಂಟಿಸಿ, ಮತ್ತೆ ರೈಟ್ ಒತ್ತಿ ಫೋನಿನ ಬೆನ್ನನ್ನು ಟ್ಯಾಗಿನ ಮೇಲಿಡಿ. ಒಮ್ಮೆಗೇ ತಗುಲದಿದ್ದರೆ ಎತ್ತಿ ಎತ್ತಿ ಇಡಬೇಡಿ. ಕ್ಯಾಮೆರಾದ ಬದಿಯಿಂದ ಶುರುಮಾಡಿ ಒಂದೊಂದು ಬೆರಳಗಲ ಕೆಳಗೆ ಸರಿಸುತ್ತ, ಪ್ರತಿ ಜಾಗದಲ್ಲೂ ಎರಡು ಸೆಕೆಂಡು ತಡೆಯಿರಿ. ಗುರ್ ಅಂದ ಕಡೆ ಸುರುಳಿ ಇದೆ. ಐಫೋನಿನಲ್ಲಿ ಹುಡುಕಾಟ ಬೇಡ, ಅದು ಯಾವಾಗಲೂ ಮೇಲಿನ ಅಂಚಿನಲ್ಲೇ.

ಅಂಟಿಸುವ ಜಾಗದಲ್ಲಿ ಬಹಳ ಜನ ಎಡವುತ್ತಾರೆ. ಸ್ಟೀಲಿನ ಕಪಾಟಿಗೆ, ಕಬ್ಬಿಣದ ಟೇಬಲಿಗೆ ಅಂಟಿಸಿದ ಟ್ಯಾಗ್ ಸತ್ತಂತೆಯೇ. ಲೋಹದಲ್ಲಿ ಹುಟ್ಟುವ ಸುಳಿ ಕರೆಂಟು ಫೋನಿನ ಕಾಂತಕ್ಷೇತ್ರವನ್ನು ಹೊಡೆದುಹಾಕುತ್ತದೆ. ಲೋಹದ ಮೇಲೇ ಬೇಕಾದರೆ ಹಿಂದೆ ಫೆರೈಟ್ ಪದರ ಇರುವ ಆನ್-ಮೆಟಲ್ ಟ್ಯಾಗ್ ಕೇಳಿ ತೊಗೊಳ್ಳಿ. ಇಳಕಲ್ಲಿನ ಅಂಗಡಿಗಳಿಗೆ ಈ ವಿಷಯದಲ್ಲಿ ಊರೇ ನೆರವಿಗಿದೆ: ಕಟ್ಟೆ ಕೆಂಪು ಗ್ರಾನೈಟಿನದಾಗಿದ್ದರೆ ಕಲ್ಲು ಏನೂ ಅಡ್ಡಿ ಮಾಡುವುದಿಲ್ಲ. ಆದರೆ ಚೆಂದ ಕಾಣಲಿ ಎಂದು ಕಲ್ಲಿನ ಅಡಿಗೆ ಅಂಟಿಸಬೇಡಿ. ಕಲ್ಲಿನ ದಪ್ಪವೇ ಎರಡು ಸೆಂಟಿಮೀಟರ್ ತಿಂದರೆ ಅಷ್ಟು ಸಣ್ಣ ಟ್ಯಾಗು ಒಮ್ಮೆ ಓದಿ ಹತ್ತು ಸಲ ಓದದೆ ಸತಾಯಿಸುತ್ತದೆ.

ಬರೆದು ಪರೀಕ್ಷೆ ಮಾಡಿದ ಮೇಲೆ ಟ್ಯಾಗನ್ನು ಲಾಕ್ ಮಾಡಿ. ಮಾಡದಿದ್ದರೆ ಯಾರಾದರೂ ಅದೇ ಆ್ಯಪಿನಿಂದ ನಿಮ್ಮ ಲಿಂಕ್ ಅಳಿಸಿ ತಮ್ಮದು ಬರೆಯಬಹುದು. ಲಾಕ್ ಮಾಡಿದರೆ ಮತ್ತೆ ತೆಗೆಯಲು ಬರುವುದಿಲ್ಲ, ಅದಕ್ಕೇ ಲಿಂಕ್ ಬದಲಾಗದಂಥದ್ದಿರಲಿ. ಫೋಲ್ಡರ್ ಅದೇ ಇಟ್ಟು ಒಳಗಿನ ಫೋಟೋ ಬದಲಿಸುತ್ತ ಹೋಗಿ.

ವೈ-ಫೈ ಪಾಸ್‌ವರ್ಡ್ ಬರೆದ ಟ್ಯಾಗ್ ಆಂಡ್ರಾಯ್ಡಿಗೆ ಸಲೀಸು, ತಾಗಿಸಿದರೆ ಸೇರಿಕೊಳ್ಳುತ್ತದೆ. ಐಫೋನು ಅದನ್ನು ತಾನಾಗಿ ಓದುವುದಿಲ್ಲ. ಲಿಂಕ್ ಇರುವ ಟ್ಯಾಗನ್ನು 2018ರ ಐಫೋನ್ ಎಕ್ಸ್‌ಆರ್, ಎಕ್ಸ್‌ಎಸ್‌ನಿಂದ ಮುಂದಿನವು ಯಾವ ಆ್ಯಪೂ ಇಲ್ಲದೆ ಓದುತ್ತವೆ.

ಇಷ್ಟಾದರೂ ಟ್ಯಾಗನ್ನೊಂದೇ ನಂಬಬೇಡಿ. ಅಗ್ಗದ ಫೋನುಗಳಲ್ಲಿ ಬಹಳಷ್ಟಕ್ಕೆ ಎನ್‌ಎಫ್‌ಸಿಯೇ ಇಲ್ಲ. ಅದೇ ಲಿಂಕಿನ ಕ್ಯುಆರ್ ಒಂದು ಕಾಗದದ ಮೇಲೆ ಮುದ್ರಿಸಿ, ಟ್ಯಾಗನ್ನು ಅದರ ಹಿಂದೆಯೇ ಅಂಟಿಸಿ ಕಟ್ಟೆಯ ಮೇಲೆ ನಿಲ್ಲಿಸಿ. ಎನ್‌ಎಫ್‌ಸಿ ಇದ್ದವರು ತಾಗಿಸಲಿ, ಇಲ್ಲದವರು ಸ್ಕ್ಯಾನ್ ಮಾಡಲಿ. ಎರಡರಲ್ಲಿ ಒಂದಕ್ಕೇ ರೊಕ್ಕ ಹಾಕುವಂತಿದ್ದರೆ ಕ್ಯುಆರ್‌ಗೇ ಹಾಕಿ, ಟ್ಯಾಗನ್ನು ಆಮೇಲೆ ನೋಡಿದರಾಯಿತು.

ಕವರಿನೊಳಗಿನ ಕಾರ್ಡು, ಬೆನ್ನಿಗಂಟಿದ ಕಬ್ಬಿಣ

ಎನ್‌ಎಫ್‌ಸಿ ಚಾಲೂ ಇದ್ದೂ ತಾಗಿಸಿದಾಗ ಏನೂ ಆಗದಿದ್ದರೆ ಮೊದಲು ಫೋನಿನ ಕವರ್ ತೆಗೆಯಿರಿ. ಬೈಕಿನ, ಕಾರಿನ ಹೋಲ್ಡರಿಗಾಗಿ ಅಂಟಿಸಿದ ಕಬ್ಬಿಣದ ಬಿಲ್ಲೆ, ಬೆರಳು ತೂರಿಸುವ ಲೋಹದ ಉಂಗುರ ಸುರುಳಿಯ ಮೇಲೆಯೇ ಕೂತಿರುತ್ತವೆ. ಇನ್ನೊಂದು ಕಳ್ಳ ಕವರಿನ ಕಿಸೆಯಲ್ಲಿಟ್ಟ ಎಟಿಎಂ ಕಾರ್ಡು. ವೈ-ಫೈ ಗುರುತಿನಂಥ ನಾಲ್ಕು ಗೆರೆ ಇರುವ ಕಾರ್ಡಿನಲ್ಲೂ ಎನ್‌ಎಫ್‌ಸಿ ಚಿಪ್ಪಿದೆ. ಫೋನು ಹೊರಗಿನ ಟ್ಯಾಗ್ ಓದುವ ಮೊದಲೇ ಒಳಗಿನ ಕಾರ್ಡನ್ನು ಓದಲು ಹೋಗಿ ಗೊಂದಲಕ್ಕೆ ಬೀಳುತ್ತದೆ. ಪರದೆ ತೆರೆದಾಗಲೆಲ್ಲ ಸುಮ್ಮಸುಮ್ಮನೆ ಸದ್ದು ಮಾಡುವ ಫೋನಿನ ರೋಗ ಬಹಳ ಸಲ ಇದೇ. ಆಂಡ್ರಾಯ್ಡ್ ಟ್ಯಾಗ್ ಓದಬೇಕಾದರೆ ಪರದೆ ಹತ್ತಿ ಲಾಕ್ ತೆಗೆದಿರಬೇಕು ಎಂಬುದನ್ನೂ ಮರೆಯಬೇಡಿ.

ಆ ಕಾರ್ಡಿನ ಬಗ್ಗೆ ಎಚ್ಚರವೂ ಬೇಕು. 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ 5,000 ರೂಪಾಯಿವರೆಗೆ ಪಿನ್ ಇಲ್ಲದೆ ತಾಗಿಸಿ ಕೊಡಬಹುದು. "ಈ ಆ್ಯಪ್ ಹಾಕಿಕೊಂಡು ನಿಮ್ಮ ಕಾರ್ಡನ್ನು ಫೋನಿನ ಬೆನ್ನಿಗೆ ಹಿಡಿಯಿರಿ" ಎಂದು ಫೋನಿನಲ್ಲಿ ಯಾರು ಹೇಳಿದರೂ ಕೂಡಲೇ ಇಟ್ಟುಬಿಡಿ. ಕಾರ್ಡಿನ ಎನ್‌ಎಫ್‌ಸಿ ಮಾತನ್ನು ದೂರದ ಇನ್ನೊಂದು ಫೋನಿಗೆ ದಾಟಿಸುವ ಕಳ್ಳ ಆ್ಯಪ್‌ಗಳಿವೆ. ಕ್ವಿಕ್ ಶೇರ್‌ನಲ್ಲೂ ಅಷ್ಟೇ, ಎವ್ರಿವನ್ ಅನ್ನು ಇಡೀ ದಿನ ತೆರೆದಿಡಬೇಡಿ, ಗೊತ್ತಿಲ್ಲದವರಿಂದ ಎಪಿಕೆ ಬಂದರೆ ಲಗ್ನಪತ್ರಿಕೆ ಅಂತ ಹೆಸರಿದ್ದರೂ ಒಪ್ಪಬೇಡಿ.

ಹೊಸ ಫೋನ್ ತೊಗೊಳ್ಳುವಾಗ

ಬರೀ ಫೋಟೋ ಕಳಿಸಲಿಕ್ಕೆ ಎನ್‌ಎಫ್‌ಸಿ ಇರುವ ಫೋನಿಗೆ ಎರಡು ಸಾವಿರ ಹೆಚ್ಚು ಕೊಡುವುದಾದರೆ ಬೇಡ. ಆ ರೊಕ್ಕಕ್ಕೆ 5 ಗಿಗಾಹರ್ಟ್ಸ್ ವೈ-ಫೈ ಮತ್ತು 256 ಜಿಬಿ ಜಾಗ ಇರುವುದನ್ನು ನೋಡಿ, ಸೀರೆ ವ್ಯಾಪಾರಕ್ಕೆ ಅದರ ಉಪಯೋಗ ದಿನಾಲೂ ಸಿಗುತ್ತದೆ. ತಾಗಿಸಿ ರೊಕ್ಕ ಕೊಡುವುದು, ಟ್ಯಾಗ್ ಬರೆಯುವುದು ಬೇಕಿದ್ದರೆ ಮಾತ್ರ ಎನ್‌ಎಫ್‌ಸಿ ಕೇಳಿ. ಕೇಳುವಾಗ ಮಾದರಿಯ ಹೆಸರನ್ನಷ್ಟೇ ನಂಬಬೇಡಿ. ಒಂದೇ ಹೆಸರಿನ ಫೋನು ಹೊರದೇಶದಲ್ಲಿ ಎನ್‌ಎಫ್‌ಸಿ ಸಹಿತ, ಇಲ್ಲಿ ಎನ್‌ಎಫ್‌ಸಿ ರಹಿತ ಮಾರಾಟವಾದದ್ದು ಉಂಟು, ಅಂತರ್ಜಾಲದ ಪಟ್ಟಿ ಅದನ್ನು ಬಿಡಿಸಿ ಹೇಳುವುದಿಲ್ಲ. ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ಅಂಗಡಿಯವರ ಮುಂದೆ ನಿಂತಾಗ ತೋರಿಸಲು ಇಟ್ಟ ಫೋನ್ ಕೈಗೆ ತೊಗೊಂಡು ಸೆಟ್ಟಿಂಗ್ಸ್‌ನಲ್ಲಿ ಎನ್‌ಎಫ್‌ಸಿ ಎಂದು ಹುಡುಕಿ ಚಾಲೂ ಮಾಡಿ. ಆಮೇಲೆ ಮನೆಯಿಂದ ತಂದ ಬರೆದ ಟ್ಯಾಗೊಂದನ್ನು ಅದರ ಬೆನ್ನಿಗೆ ಹಿಡಿಯಿರಿ. ಲಿಂಕ್ ತೆರೆದರೆ ರೊಕ್ಕ ಕೊಡಿ.